‘ಅಯ್ಯೋ ಪಾಪ’ ಎನ್ನುವ ಓದು

ಮೈಮಾರಿ ಬದುಕಿದ ಹೆಣ್ಣೊಬ್ಬಳು ತನ್ನ ಕತೆಯನ್ನು ತಾನೇ ಹೇಳಿಕೊಳ್ಳುವ ಕಾದಂಬರಿಯನ್ನು ಓದಿ ಮುಗಿಸಿದವರ ಬಾಯಲ್ಲಿ ಬರುವ ಮೊದಲ ಮಾತು ‘ಅಯ್ಯೋ ಪಾಪ’. ಎರಡನೆಯದು, ‘ಓದ್ತಾ ಓದ್ತಾ ಕಣ್ಣು ತುಂಬಿ ಬಂತು’. ಈ ಎರಡು ಮಾತುಗಳಿಗೆ ನಮ್ಮ ಸಾಹಿತ್ಯದ ಪಡಸಾಲೆಯಲ್ಲಿ ಇರುವ ಮರ್ಯಾದೆ ದೊಡ್ಡದು. ಮಡಿವಂತರು ಇಂಥ ಪುಸ್ತಕವನ್ನು ಮುಟ್ಟುವುದಿಲ್ಲ, ಚಪಲದವರು ಬೇಕಾದ ಪುಟ ಹುಡುಕಿ ಉಳಿದದ್ದನ್ನು ಬಿಡುತ್ತಾರೆ. ಇವರಿಬ್ಬರನ್ನೂ ಬೈದು, ಮರುಗುವ ಓದುಗನನ್ನು ಸಹೃದಯನ ಪೀಠದಲ್ಲಿ ಕೂರಿಸಿದ್ದೇವೆ. ವಿಮರ್ಶಕರು, ಮೇಷ್ಟ್ರುಗಳು, ಮುನ್ನುಡಿಕಾರರು ಎಲ್ಲರೂ ಒಪ್ಪಿದ ಪೀಠ ಅದು. ನನ್ನ ತಕರಾರು ಆ ಪೀಠದ ಮೇಲೆಯೇ. ಇಂಥ ಪುಸ್ತಕಗಳಿಗೆ ಮಡಿವಂತನಿಂದ ಆದ ಹಾನಿಗಿಂತ ಮರುಗುವವನಿಂದ ಆದ ಹಾನಿ ಹೆಚ್ಚು ಎಂದು ನಾನು ನಂಬಿದ್ದೇನೆ. ಮಡಿವಂತ ಪುಸ್ತಕವನ್ನು ಮುಚ್ಚಿಡುತ್ತಾನೆ, ಅಷ್ಟೇ. ಮರುಗುವವನು ಪುಸ್ತಕವನ್ನು ತೆರೆದಿಟ್ಟುಕೊಂಡೇ ಅವಳ ಬಾಯಿ ಮುಚ್ಚಿಸುತ್ತಾನೆ.

‘ಉಮ್ರಾವ್ ಜಾನ್ ಅದಾ’ ಕಾದಂಬರಿಯನ್ನೇ ತೆಗೆದುಕೊಳ್ಳಿ. ಮಿರ್ಜಾ ಹಾದಿ ರುಸ್ವಾ ಬರೆದ ಈ ಉರ್ದು ಕಾದಂಬರಿ ಪ್ರಕಟವಾದದ್ದು 1899ರಲ್ಲಿ. ನಮ್ಮ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದದ್ದೂ ಅದೇ ವರ್ಷ. ಲಖನೌದ ಚೌಕದಲ್ಲಿ ಒಬ್ಬ ಗೆಳೆಯನ ಮನೆಯಲ್ಲಿ ಕವಿಗಳು ಸೇರಿದ್ದಾರೆ. ಓದಿದ ದ್ವಿಪದಿಯೊಂದಕ್ಕೆ ಪಕ್ಕದ ಕಿಟಕಿಯಾಚೆಯಿಂದ ಹೆಣ್ಣುದನಿಯೊಂದು ಭೇಷ್ ಎನ್ನುತ್ತದೆ. ಆ ದನಿಯ ಒಡತಿ ಉಮ್ರಾವ್. ಒಂದು ಕಾಲದಲ್ಲಿ ಹೆಸರುವಾಸಿಯಾಗಿದ್ದ ತವಾಯಫ್, ಅಂದರೆ ಹಾಡಿ ಕುಣಿಯುವ ಗಣಿಕೆ, ಈಗ ವಯಸ್ಸಾದವಳು. ರುಸ್ವಾ ಕಾದಂಬರಿಯೊಳಗೆ ತಾನೇ ಒಂದು ಪಾತ್ರವಾಗಿ ಕುಳಿತು ಅವಳನ್ನು ಕಾಡಿ ಬೇಡಿ ಕತೆ ಹೇಳಿಸುತ್ತಾನೆ. ಪುಸ್ತಕದ ಉದ್ದಕ್ಕೂ ಅವಳು ಹೇಳುತ್ತಾಳೆ, ಇವನು ನಡುನಡುವೆ ಬಾಯಿ ಹಾಕುತ್ತಾನೆ, ಅವಳು ಇವನನ್ನು ಗದರುತ್ತಾಳೆ, ಇಬ್ಬರೂ ಶಾಯರಿಯಲ್ಲಿ ಸವಾಲು ಜವಾಬು ನಡೆಸುತ್ತಾರೆ.

ಓದಿದವರನ್ನು ಕತೆ ಏನೆಂದು ಕೇಳಿ ನೋಡಿ. ಫೈಜಾಬಾದಿನ ಅಮೀರನ್ ಎಂಬ ಹುಡುಗಿ. ಅವಳಪ್ಪ ಬಹೂ ಬೇಗಂ ಸಮಾಧಿಯಲ್ಲಿ ಜಮಾದಾರ. ದಿಲಾವರ್ ಖಾನ್ ಎಂಬ ಪುಂಡನ ವಿರುದ್ಧ ಆತ ಸಾಕ್ಷಿ ಹೇಳಿದ್ದ, ಆ ಸೇಡಿಗೆ ಮಗಳನ್ನು ಹೊತ್ತೊಯ್ದು ಲಖನೌದಲ್ಲಿ ಮಾರಿದರು. ಕೋಠಿಯಲ್ಲಿ ಬೆಳೆದಳು, ಕುಣಿದಳು, ಹಾಡಿದಳು, ಪ್ರೇಮದಲ್ಲಿ ಸೋತಳು, ತವರಿಗೆ ಮರಳಿದಾಗ ತಮ್ಮನೇ ಬಾಗಿಲು ಹಾಕಿದ, ಒಂಟಿಯಾಗಿ ಉಳಿದಳು. ಅಯ್ಯೋ ಪಾಪ.

ಇದರಲ್ಲಿ ಪ್ರೇಮದ ಮಾತೊಂದನ್ನು ಬಿಟ್ಟರೆ ಸುಳ್ಳೇನೂ ಇಲ್ಲ. ಆದರೆ ಇದು ಅವಳಿಗೆ ಏನೇನು ಆಯಿತೆಂಬ ಪಟ್ಟಿ. ಅವಳು ಏನು ಮಾಡಿದಳು, ಏನು ಯೋಚಿಸಿದಳು, ಯಾರನ್ನು ಹೇಗೆ ತೂಗಿದಳು ಎಂಬುದು ಈ ಪಟ್ಟಿಗೆ ಸೇರುವುದಿಲ್ಲ. ಕಾದಂಬರಿಯಲ್ಲಿರುವುದು ಹೆಚ್ಚುಪಾಲು ಅದೇ.

ಅವಳನ್ನು ಮಾರುವ ಪ್ರಸಂಗವನ್ನು ನಿಧಾನವಾಗಿ ಓದಬೇಕು. ಕೊಳ್ಳುವವಳು ಕೋಠಿಯ ಯಜಮಾನಿ ಖಾನುಂ. ಹುಡುಗಿಯನ್ನು ನೋಡುತ್ತಾಳೆ, ಹಣ ಎಣಿಸಿ ಕೊಡುತ್ತಾಳೆ, ಆಮೇಲೆ ಮನೆಯ ಮುದುಕಿ ಹುಸೈನಿಯೊಂದಿಗೆ ಮಾತಿಗೆ ಕೂರುತ್ತಾಳೆ. ಯಾರ ಮನೆಯ ಕೂಸೋ, ಪಾಪವೇನಿದ್ದರೂ ಕದ್ದು ತಂದವರ ಕೊರಳಿಗೆ, ನಾವು ಕೊಳ್ಳದಿದ್ದರೆ ಇನ್ನೊಂದು ಕಡೆ ಮಾರುತ್ತಿದ್ದರು ಎಂಬಂಥ ಮಾತು. ದೊಡ್ಡ ಮನೆತನದ ಬೇಗಮರ ಕೈಗೆ ದಾಸಿಯಾಗಿ ಸಿಕ್ಕ ಹುಡುಗಿಯರ ಪಾಡು ಇನ್ನೂ ಹೀನ ಎಂಬ ಮಾತೂ ಬರುತ್ತದೆ. ಹುಸೈನಿ ಮಗುವನ್ನು ತಾನು ಸಾಕುತ್ತೇನೆಂದು ಕೇಳಿ ಪಡೆಯುತ್ತಾಳೆ. ಹೆಣ್ಣುಮಕ್ಕಳನ್ನು ಕೊಳ್ಳುವವರು ಕೋಠಿಯವರಷ್ಟೇ ಅಲ್ಲ, ಮರ್ಯಾದಸ್ಥರ ಜನಾನಾಗಳೂ ಅದೇ ಸಂತೆಯ ಗಿರಾಕಿಗಳು ಎಂದು ಇಡೀ ಊರಿನ ಲೆಕ್ಕ ಆ ಎರಡು ಪುಟಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಅಮೀರನ್ ಜೊತೆ ಒಂದೇ ಕೋಣೆಯಲ್ಲಿ ಕೂಡಿಹಾಕಿದ್ದ ಇನ್ನೊಬ್ಬ ಹುಡುಗಿ ರಾಮದೇಯಿ ನವಾಬನ ಮನೆಗೆ ಮಾರಾಟವಾಗಿ, ಮುಂದೆ ಅಲ್ಲಿಯ ಬೇಗಂ ಆಗುತ್ತಾಳೆ. ವರ್ಷಗಳ ಮೇಲೆ ಕಾನಪುರದಲ್ಲಿ ಇವಳು ಹಾಡಲು ಹೋದವಳು, ಅವಳು ಹಾಡಿಸುವ ಮನೆಯೊಡತಿ. ಒಂದೇ ಕೋಣೆ, ಒಂದೇ ಸರಕು, ಇಬ್ಬರು ಗಿರಾಕಿಗಳು. ಒಬ್ಬಳು ಗರತಿ, ಒಬ್ಬಳು ಸೂಳೆ. ಗರತಿತನವೆಂಬುದು ಯಾರು ಕೊಂಡರು ಎಂಬುದರ ಮೇಲೆ ನಿಂತಿದೆ ಎಂದು ಇದಕ್ಕಿಂತ ಗಟ್ಟಿಯಾಗಿ ಹೇಳಿದ ಭಾರತೀಯ ಕಾದಂಬರಿಯನ್ನು ನಾನು ಓದಿಲ್ಲ. ಮರುಗುವ ಓದುಗ ಈ ಭಾಗದಲ್ಲಿ ಏನು ಕಾಣುತ್ತಾನೆ? ವಿಧಿ. ‘ಎಂಥ ವಿಧಿ ನೋಡಿ’ ಎಂದು ಕಣ್ಣೊರೆಸಿಕೊಳ್ಳುತ್ತಾನೆ. ಸಂತೆ ನಡೆಸಿದವರು, ಕೊಂಡವರು, ಬೆಲೆ ಕಟ್ಟಿದವರು ಎಲ್ಲರೂ ಆ ಒಂದು ಮಾತಿನಲ್ಲಿ ಪಾರಾಗಿ ಹೋಗುತ್ತಾರೆ.

ಮುಜಫ್ಫರ್ ಅಲಿ 1981ರಲ್ಲಿ ತೆಗೆದ ಸಿನಿಮಾ ಈ ಓದಿಗೆ ಮುದ್ರೆ ಒತ್ತಿತು. ಸಿನಿಮಾ ಚೆಂದವಿದೆ, ಒಪ್ಪುತ್ತೇನೆ. ಖಯ್ಯಾಂ ಸಂಗೀತ, ಆಶಾ ಭೋಸ್ಲೆ ದನಿ, ರೇಖಾ ಅಭಿನಯ ಮೂರಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಆದರೆ ಆ ರೇಖಾಳ ಕಣ್ಣುಗಳು ಕಾದಂಬರಿಯ ಉಮ್ರಾವಳ ನಾಲಗೆಯನ್ನು ನುಂಗಿಬಿಟ್ಟವು. ಇಂದು ‘ಉಮ್ರಾವ್ ಜಾನ್’ ಎಂದರೆ ಜನರಿಗೆ ನೆನಪಾಗುವುದು ಮೌನವಾಗಿ ನೊಂದ ಒಂದು ಮುಖ. ಪುಸ್ತಕದ ಉಮ್ರಾವ್ ಮಾತುಗಾರ್ತಿ, ಹಾಸ್ಯಗಾರ್ತಿ, ಲೆಕ್ಕ ಬಲ್ಲವಳು. ತಾನು ಯಾರನ್ನೂ ನಿಜವಾಗಿ ಪ್ರೀತಿಸಲಿಲ್ಲ, ತನ್ನನ್ನೂ ಯಾರೂ ಹಾಗೆ ಪ್ರೀತಿಸಲಿಲ್ಲ ಎಂದು ನೆಟ್ಟಗೆ ಹೇಳುವವಳು. ಪ್ರೇಮದಲ್ಲಿ ಸೋತ ಹೆಣ್ಣನ್ನು ಬಯಸಿ ಬಂದವರಿಗೆ ಈ ಮಾತು ರುಚಿಸುವುದಿಲ್ಲ. ಮುಂದೊಮ್ಮೆ ನವಾಬನೊಬ್ಬ ಇವಳು ತನ್ನ ನಿಕಾಹ್ ಆದ ಹೆಂಡತಿಯೆಂದು ಕೋರ್ಟಿನಲ್ಲಿ ದಾವೆ ಹೂಡುತ್ತಾನೆ. ವಕೀಲರು, ಮೇಲ್ಮನವಿ, ಅಡಗಿಕೊಳ್ಳಲು ಇನ್ನೊಬ್ಬರ ಮನೆ, ಆ ಮನೆಯ ಹೆಂಗಸರ ಜೊತೆಗಿನ ಒಡನಾಟ. ಗಂಡನಾಗಲು ಬಂದವನನ್ನು ಕೋರ್ಟಿನಲ್ಲಿ ಎದುರಿಸಿದ ಹೆಣ್ಣು ಇವಳು. ಆ ಭಾಗವನ್ನು ನೆನೆದು ಕಣ್ಣೀರು ಹಾಕಿದವರನ್ನು ನಾನು ಕಂಡಿಲ್ಲ. ಆ ಭಾಗವನ್ನು ನೆನಪಿಟ್ಟುಕೊಂಡವರೇ ಅಪರೂಪ.

ಉಮ್ರಾವಳನ್ನು ಲೆಕ್ಕ ಬಲ್ಲವಳು ಎಂದದ್ದರಿಂದ ತವಾಯಫ್‌ಗಳ ಹಣಕಾಸಿನ ಬಗ್ಗೆ ಇಷ್ಟು ಹೇಳಬೇಕು. 1857ರ ದಂಗೆಯ ನಂತರದ ಲಖನೌದ ತೆರಿಗೆ ಕಡತಗಳನ್ನು ತೆಗೆದು ನೋಡಿದ ಇತಿಹಾಸಕಾರ್ತಿ ವೀಣಾ ತಲ್ವಾರ್ ಓಲ್ಡನ್‌ಬರ್ಗ್ ಅವರಿಗೆ, ಅತಿ ಹೆಚ್ಚು ತೆರಿಗೆ ಕಟ್ಟುತ್ತಿದ್ದವರ ಸಾಲಿನಲ್ಲಿ ಕಂಡದ್ದು ತವಾಯಫ್‌ಗಳು. ದಂಗೆಗೆ ನೆರವಾದರೆಂದು ಬ್ರಿಟಿಷರು ಮುಟ್ಟುಗೋಲು ಹಾಕಿದ ಆಸ್ತಿಗಳ ಪಟ್ಟಿಯಲ್ಲೂ ಅವರ ಮನೆ, ತೋಟ, ಒಡವೆಗಳಿದ್ದವು. ಆಸ್ತಿಯಿದ್ದ, ತೆರಿಗೆ ಕಟ್ಟಿದ, ರಾಜಕೀಯದಲ್ಲಿ ಪಕ್ಷ ಹಿಡಿದ ಹೆಂಗಸರು ಅವರು. ಅವರನ್ನು ಬಡಪಾಯಿಗಳ ಸಾಲಿಗೆ ತಂದು ನಿಲ್ಲಿಸಿದ್ದು ಮೊದಲು ಬ್ರಿಟಿಷರ ಸೇನಾ ನೆಲೆಗಳ, ಅಂದರೆ ಕಂಟೋನ್ಮೆಂಟಿನ ಕಾಯಿದೆ, ಆಮೇಲೆ ಸಭ್ಯರ ಮರುಕ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಕಾದಂಬರಿಯ ಕೊನೆಯಲ್ಲಿ ಉಮ್ರಾವ್ ತನ್ನ ಪಾಪಗಳ ಮಾತನ್ನು ಆಡುತ್ತಾಳಲ್ಲ, ನಮಾಜಿನ ಕಡೆ ತಿರುಗುತ್ತಾಳಲ್ಲ, ತನ್ನ ಕಸುಬಿನ ಹುಡುಗಿಯರಿಗೆ ಬುದ್ಧಿ ಹೇಳುತ್ತಾಳಲ್ಲ? ಹೌದು, ಇದೆಲ್ಲ ಇದೆ. ರುಸ್ವಾ ತನ್ನ ಕಾಲದ ಮನುಷ್ಯ, ಉಮ್ರಾವ್ ತನ್ನ ಕಾಲದ ಹೆಂಗಸು. ಅವಳ ಭಕ್ತಿಯನ್ನು ನಾನು ಒರೆಸಿಹಾಕಲಾರೆ. ಆದರೆ ಅದೇ ಪುಟಗಳಲ್ಲಿ ತಾನು ಗಳಿಸಿದ್ದರಲ್ಲಿ ಯಾರ ಹಂಗಿಲ್ಲದೆ ಬದುಕುವ ಮಾತಿದೆ, ಚಿಕ್ಕಂದಿನಲ್ಲಿ ಮೌಲವಿ ಕಲಿಸಿದ ಅಕ್ಷರದಿಂದ ಓದಿನ ಗೀಳು ಹತ್ತಿ ಪುಸ್ತಕ, ಪತ್ರಿಕೆಗಳಲ್ಲಿ ಹೊತ್ತು ಕಳೆಯುವ ಮಾತಿದೆ. ರುಸ್ವಾ ಬರೆದ ಹಸ್ತಪ್ರತಿಯನ್ನು ತಿದ್ದಲೆಂದು ಅವಳ ಕೈಗೇ ಕೊಡುತ್ತಾನೆ. ಮೊದಲು ಸಿಟ್ಟು ಬಂದು ಹರಿದುಹಾಕಬೇಕೆನಿಸಿತು ಎನ್ನುತ್ತಾಳೆ, ಆಮೇಲೆ ರಾತ್ರಿ ಕುಳಿತು ಓದುತ್ತಾಳೆ. ತನ್ನ ಬದುಕಿನ ಮೊದಲ ಓದುಗಾರ್ತಿಯೂ ಮೊದಲ ವಿಮರ್ಶಕಿಯೂ ಅವಳೇ. ಪಶ್ಚಾತ್ತಾಪದ ನಾಲ್ಕು ಮಾತುಗಳನ್ನು ಮಾತ್ರ ಎತ್ತಿಕೊಂಡು ಮಿಕ್ಕದ್ದನ್ನು ಬಿಡುವವರು ಪುಸ್ತಕದಿಂದ ತಮಗೆ ಬೇಕಾದ ಅಪ್ಪಣೆಯನ್ನಷ್ಟೇ ಪಡೆಯುತ್ತಿದ್ದಾರೆ. ಅವಳು ತಲೆ ತಗ್ಗಿಸಿದಳು, ಆದ್ದರಿಂದ ಕ್ಷಮಿಸಬಹುದು ಎಂಬ ಅಪ್ಪಣೆ. ಕ್ಷಮಿಸುವ ಅಧಿಕಾರ ಓದುಗನಿಗೆ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ.

ಹಾಗಾದರೆ ತಲೆ ತಗ್ಗಿಸದೆ ಹೇಳಿದವಳಿಗೆ ಏನಾಗುತ್ತದೆ? ಅದನ್ನು ನೋಡಲು ಕೇರಳಕ್ಕೆ ಹೋಗಬೇಕು. ತ್ರಿಶೂರಿನ ಕಡೆಯ ನಳಿನಿ ಜಮೀಲಾ ಅವರ ಆತ್ಮಕಥೆ 2005ರಲ್ಲಿ ಮಲಯಾಳಂನಲ್ಲಿ ಬಂತು. ಇದು ಕಾದಂಬರಿಯಲ್ಲ, ಬದುಕಿದವಳ ಬಾಯಿಮಾತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಹೆಂಚಿನ ಕಾರ್ಖಾನೆಯ ಮಣ್ಣು ಹೊತ್ತ ಹುಡುಗಿ. ಗಂಡ ಸತ್ತ ಮೇಲೆ ಮಕ್ಕಳನ್ನು ಸಾಕಲು ಅತ್ತೆ ದಿನಕ್ಕೆ ಐದು ರೂಪಾಯಿ ಕೇಳಿದಳು. ಕೂಲಿಯಲ್ಲಿ ಅಷ್ಟು ಹುಟ್ಟುತ್ತಿರಲಿಲ್ಲ. ಮೊದಲ ರಾತ್ರಿಯ ಗಿರಾಕಿ ಪೊಲೀಸ್ ಅಧಿಕಾರಿ. ಮರುದಿನ ಅವಳನ್ನು ಹಿಡಿದು ಹೊಡೆದವರೂ ಪೊಲೀಸರೇ. ಇದನ್ನೆಲ್ಲ ಅವರು ಹೇಳುವ ದನಿಯಲ್ಲಿ ಅಳು ಇಲ್ಲ. ಕೂಲಿ ಎಷ್ಟು, ಮನೆ ಬಾಡಿಗೆಗೆ ಸಿಗದಿರುವುದು ಹೇಗೆ, ಗಿರಾಕಿಯನ್ನು ಅಳೆಯುವುದು ಹೇಗೆ, ಗಂಡನಿಗೆ ಬೇಯಿಸಿ ಹಾಕಿ ಬಟ್ಟೆ ಒಗೆಯುವ ಹೊರೆಯಿಂದ ತಾನು ಹೇಗೆ ಪಾರಾದೆ, ಮಗಳ ಮದುವೆ ಹೇಗೆ ಮಾಡಿದೆ ಎಂದು ಸಂತೆಯಿಂದ ಬಂದವಳ ಸ್ಪಷ್ಟತೆಯಲ್ಲಿ ಹೇಳುತ್ತಾರೆ. ಲೈಂಗಿಕ ಕಾರ್ಮಿಕರ ಸಂಘಟನೆಯಲ್ಲಿ ದುಡಿದದ್ದನ್ನೂ ಹೇಳುತ್ತಾರೆ.

ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು, ಬೈಗುಳವೂ ಅಷ್ಟೇ ಬಿಸಿಯಾಗಿ ಬಂತು. ಗಮನಿಸಬೇಕಾದದ್ದು, ಬೈದವರಲ್ಲಿ ಮಡಿವಂತರಷ್ಟೇ ಇರಲಿಲ್ಲ. ಓದಿಕೊಂಡವರು, ಪ್ರಗತಿಪರರು, ಹೆಣ್ಣಿನ ಪರ ಮಾತನಾಡುವವರೂ ಇದ್ದರು. ಇದು ದುಡ್ಡಿಗಾಗಿ ಬರೆದದ್ದು ಎಂದರು. ನಿಜಕ್ಕೂ ಬರೆದವರು ಬೇರೆ ಯಾರೋ ಎಂದರು. ಕಸುಬನ್ನು ವೈಭವೀಕರಿಸಿದ್ದಾಳೆ ಎಂದರು. ಒಂದೊಂದನ್ನೂ ಬಿಡಿಸಿ ನೋಡಿ. ದುಡ್ಡಿಗಾಗಿ ಬರೆಯುವುದು ಉಳಿದ ಲೇಖಕರಿಗೆ ರಾಯಧನ, ಇವಳಿಗೆ ಮಾತ್ರ ಅಪರಾಧ. ಬೇರೆಯವರು ಬರೆದಿದ್ದಾರೆ ಎಂಬ ಆರೋಪಕ್ಕೆ ನಳಿನಿ ಅವರೇ ಉತ್ತರ ಕೊಟ್ಟರು: ಬರೆದುಕೊಂಡವರ ನೆರವಿನಿಂದ ಬಂದ ಮೊದಲ ಆವೃತ್ತಿ ತನ್ನ ದನಿಯಂತಿಲ್ಲ ಎಂದು ಅದನ್ನು ತಿರಸ್ಕರಿಸಿ, ಮತ್ತೆ ತಿದ್ದಿ, ಹೊಸ ಆವೃತ್ತಿ ತಂದರು. 2007ರಲ್ಲಿ ಇತಿಹಾಸಕಾರ್ತಿ ಜೆ. ದೇವಿಕಾ ಇಂಗ್ಲಿಷಿಗೆ ಅನುವಾದಿಸಿದ್ದು ಈ ತಿದ್ದಿದ ಪಠ್ಯವನ್ನು. ಮಾರಾಟವಾಗುತ್ತಿದ್ದ ಪುಸ್ತಕವನ್ನೇ ಸರಿಯಿಲ್ಲವೆಂದು ತಿದ್ದಿ ಬರೆಯುವಷ್ಟು ಮಾತಿನ ಮೇಲೆ ಕಾಳಜಿ ಇಟ್ಟ ಲೇಖಕರು ಎಷ್ಟು ಮಂದಿ?

ಇನ್ನು ವೈಭವೀಕರಣ. ಪೊಲೀಸರ ಬೆತ್ತದೇಟನ್ನು ಮೊದಲಲ್ಲೇ ಬರೆದವಳು ಯಾವ ವೈಭವವನ್ನು ತೋರಿಸಿದಳು? ಈ ಆರೋಪದ ಒಳಗಿನ ತಿರುಳು ಬೇರೆ. ಅವಳು ನಾಚಲಿಲ್ಲ. ನಕ್ಕಳು. ಗಿರಾಕಿಗಳನ್ನು, ಅಂದರೆ ಓದುಗರ ಮನೆಯ ಗಂಡಸರನ್ನು, ಕೊಂಚ ಕನಿಕರದಿಂದಲೇ ನೋಡಿದಳು. ಕನಿಕರ ಪಡುವ ಹಕ್ಕು ತಮ್ಮದೆಂದು ತಿಳಿದವರಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಉಮ್ರಾವಳಿಗಾಗಿ ಅತ್ತ ಕಣ್ಣುಗಳೇ ನಳಿನಿಯನ್ನು ಕಂಡು ಕೆಂಪಾದವು. ಕಸುಬು ಒಂದೇ, ಬಡತನದ ಬವಣೆ ನಳಿನಿಯದೇ ಒಂದು ಕೈ ಹೆಚ್ಚು. ವ್ಯತ್ಯಾಸ ಅಳುವಿನಲ್ಲಿ ಮಾತ್ರ. ಆದ್ದರಿಂದಲೇ ಹೇಳುತ್ತೇನೆ, ಈ ಮರುಕಕ್ಕೆ ಷರತ್ತಿದೆ. ನೀನು ನೊಂದಿರಬೇಕು, ನೊಂದದ್ದನ್ನು ನಾಚಿ ಹೇಳಬೇಕು, ಹೇಳಿದ ಮೇಲೆ ಸುಮ್ಮನಾಗಬೇಕು.

ಇದು ಇಂದಿನದಲ್ಲ. ನಂಜನಗೂಡಿನಲ್ಲಿ ಹುಟ್ಟಿ, ಬೆಂಗಳೂರು ನಾಗರತ್ನಮ್ಮ ಎಂದೇ ಹೆಸರಾದ ವಿದುಷಿ, ದೇವದಾಸಿ ಮನೆತನದವರು, 1910ರಲ್ಲಿ ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು ಸಂಪಾದಿಸಿ ಪ್ರಕಟಿಸಿದರು. ಮುದ್ದುಪಳನಿ 18ನೇ ಶತಮಾನದ ತಂಜಾವೂರಿನ ಆಸ್ಥಾನದ ಗಣಿಕೆ. ಆ ಕಾವ್ಯವನ್ನು ಹೀಗಳೆದವರಲ್ಲಿ ಮುಂಚೂಣಿಯಲ್ಲಿದ್ದವರು ಕಂದುಕೂರಿ ವೀರೇಶಲಿಂಗಂ. ಯಾರು ಈ ವೀರೇಶಲಿಂಗಂ? 1881ರಲ್ಲಿ ವಿರೋಧಗಳ ನಡುವೆ ವಿಧವಾ ವಿವಾಹ ಮಾಡಿಸಿದವರು, ಹೆಣ್ಣುಮಕ್ಕಳ ಓದಿಗಾಗಿ ಹೋರಾಡಿದವರು. ಆ ಹೋರಾಟದ ಮುಂದೆ ನಾನು ಕೈಮುಗಿಯುತ್ತೇನೆ. ಆದರೆ ಅಳುವ ವಿಧವೆಗೆ ಮಿಡಿದ ಹೃದಯ, ಶೃಂಗಾರವನ್ನು ಸಂಕೋಚವಿಲ್ಲದೆ ಬರೆದ ಹೆಣ್ಣಿಗೆ ಮಿಡಿಯಲಿಲ್ಲ. ಗಂಡು ಕವಿಗಳು ಬರೆದಾಗ ಇಲ್ಲದ ದೋಷ ಹೆಣ್ಣು ಬರೆದಾಗ ಎಲ್ಲಿಂದ ಬಂತೆಂದು ನಾಗರತ್ನಮ್ಮ ಕೇಳಿದರು. ಸರ್ಕಾರ ಪ್ರತಿಗಳನ್ನು ಮುಟ್ಟುಗೋಲು ಹಾಕಿತು. ನಿಷೇಧ ಸರಿದದ್ದು 1947ರಲ್ಲಿ. ಮಡಿವಂತರ ಕೈಯಲ್ಲಿ ಆಗದ ಕೆಲಸ ಸುಧಾರಕರ ಮಾತಿನ ತೂಕದಿಂದ ಆಯಿತು.

ಕನ್ನಡದಲ್ಲಿ ನಮಗೂ ಇಂಥದೊಂದು ದೊಡ್ಡ ಕಾದಂಬರಿ ಇದೆ. ಶಿವರಾಮ ಕಾರಂತರ ‘ಮೈಮನಗಳ ಸುಳಿಯಲ್ಲಿ’, 1970ರದು, ಬಸರೂರಿನ ಮಂಜುಳೆಯ ಬದುಕು. ಎಚ್.ವೈ. ಶಾರದಾಪ್ರಸಾದರು ಅದನ್ನು ಇಂಗ್ಲಿಷಿಗೂ ಕೊಂಡೊಯ್ದರು. ಕಾರಂತರ ಕಾದಂಬರಿಗಳ ಮಾತು ಬಂದಲ್ಲೆಲ್ಲ ಚೋಮ, ಮೂಕಜ್ಜಿ ಬಾಯ್ತುಂಬ ಬರುತ್ತಾರೆ, ಮಂಜುಳೆ ಬರುವುದಿಲ್ಲ. ಬಂದರೆ, ಕಾರಂತರ ಅಂತಃಕರಣ ಎಷ್ಟು ದೊಡ್ಡದು ನೋಡಿ ಎಂಬ ಮಾತಿನೊಂದಿಗೆ ಬರುತ್ತಾಳೆ. ಹೊಗಳಿಕೆ ಬರೆದವರ ಅಂತಃಕರಣಕ್ಕೆ. ಮೈ ಮತ್ತು ಮನಗಳ ಬಗ್ಗೆ, ತನ್ನ ಬಳಿ ಬಂದವರ ಬಗ್ಗೆ ಅವಳು ಕಂಡುಕೊಂಡದ್ದೇನು ಎಂಬುದರ ಚರ್ಚೆ ನಡೆಯುವುದು ಅಪರೂಪ.

ಕಾದಂಬರಿ ಓದಿ ಅತ್ತರೆ ಯಾರಿಗೇನು ನಷ್ಟ ಎಂದು ಕೇಳುವವರಿದ್ದಾರೆ. ನಷ್ಟವಿದೆ, ಏಕೆಂದರೆ ಇದೇ ಮರುಕ ಕಾನೂನಿನ ಪುಸ್ತಕದಲ್ಲೂ ಕುಳಿತಿದೆ. 1956ರ ಅನೈತಿಕ ವ್ಯವಹಾರ ತಡೆ ಕಾಯಿದೆಯನ್ನು ತೆಗೆದು ನೋಡಿ. ಬಲಾತ್ಕಾರದ ದಂಧೆಗೆ ಬಿದ್ದವರನ್ನು ಬಿಡಿಸಲೆಂದು ಬಂದ ಕಾಯಿದೆ. ಆ ಉದ್ದೇಶದ ಬಗ್ಗೆ ತಕರಾರಿಲ್ಲ. ಆದರೆ ಅದರ ನಾಲ್ಕನೇ ಸೆಕ್ಷನ್ ಪ್ರಕಾರ, ಇನ್ನೊಬ್ಬರ ವೇಶ್ಯಾವೃತ್ತಿಯ ಸಂಪಾದನೆಯಲ್ಲಿ ಗೊತ್ತಿದ್ದೂ ಬದುಕುವ 18 ವರ್ಷ ಮೀರಿದ ಯಾರನ್ನೇ ಆಗಲಿ ಎರಡು ವರ್ಷದವರೆಗೆ ಜೈಲಿಗೆ ಹಾಕಬಹುದು. ತಲೆಹಿಡುಕನಿಗೆಂದು ಮಾಡಿದ ಈ ಸೆಕ್ಷನ್ನಿನ ಅಕ್ಷರದೊಳಗೆ ಅವಳ ದುಡಿಮೆಯಲ್ಲಿ ಉಣ್ಣುವ ಮುದಿ ತಾಯಿ, ಕಾಲೇಜಿಗೆ ಹೋಗುವ ಮಗ ಇಬ್ಬರೂ ಬೀಳುತ್ತಾರೆ. ಬೀದಿಯಲ್ಲಿ ಗಿರಾಕಿಯನ್ನು ಕರೆದದ್ದು ಸಾಬೀತಾದರೆ ಅವಳನ್ನು ಎರಡರಿಂದ ಐದು ವರ್ಷ ಸುಧಾರಣಾ ಸಂಸ್ಥೆಯಲ್ಲಿ ಇರಿಸಬಹುದು. ಇದನ್ನು ಬರೆದವರು ಅವಳ ದ್ವೇಷಿಗಳೇನಲ್ಲ. ಅವಳನ್ನು ಉದ್ಧರಿಸಬೇಕೆಂದು ಹೊರಟವರು. ಉದ್ಧಾರವಾಗಬೇಕಾದವಳನ್ನು ಒಂದು ಮಾತು ಕೇಳುವ ಅಗತ್ಯ ಅವರಿಗೆ ಕಾಣಲಿಲ್ಲ, ಕಾದಂಬರಿ ಓದಿ ಅತ್ತವನಿಗೆ ಅವಳ ಮಾತು ಕೇಳಿಸದ ಹಾಗೆಯೇ.

ಬೇರೆ ಬಗೆಯಲ್ಲಿ ಕೇಳಿಸಿಕೊಳ್ಳುವುದು ಸಾಧ್ಯವಿದೆ. 2022ರ ಮೇ 19ರಂದು ಸುಪ್ರೀಂ ಕೋರ್ಟು ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಕೊಟ್ಟ ನಿರ್ದೇಶನಗಳನ್ನು ನೋಡಿ. ಆ ಪ್ರಕರಣ ಮೊದಲಾದದ್ದು ಕೋಲ್ಕತ್ತದ ಲೈಂಗಿಕ ಕಾರ್ಯಕರ್ತೆಯೊಬ್ಬಳ ಕೊಲೆಯಿಂದ. ಪೊಲೀಸರು ಅವರನ್ನು ಘನತೆಯಿಂದ ನಡೆಸಿಕೊಳ್ಳಬೇಕು, ದಾಳಿಯ ವೇಳೆ ಪತ್ರಿಕೆ, ಟಿವಿಯವರು ಅವರ ಮುಖ, ಗುರುತು ಬಯಲು ಮಾಡಕೂಡದು, ಕಾಂಡೋಮ್ ಇಟ್ಟುಕೊಂಡದ್ದನ್ನು ಅಪರಾಧದ ಸಾಕ್ಷಿಯೆಂದು ತೋರಿಸಕೂಡದು, ವಿಳಾಸದ ದಾಖಲೆಗೆ ಪಟ್ಟು ಹಿಡಿಯದೆ ಆಧಾರ್ ಕೊಡಬೇಕು. ಇವುಗಳಲ್ಲಿ ಒಂದೂ ಕಣ್ಣೀರಿನಿಂದ ಹುಟ್ಟುವಂಥದ್ದಲ್ಲ. ದಾಳಿಯ ರಾತ್ರಿ ಏನಾಗುತ್ತದೆ, ಚೀಲದಲ್ಲಿ ಪೊಲೀಸರು ಏನು ಹುಡುಕುತ್ತಾರೆ, ರೇಷನ್ ಕಾರ್ಡಿಗೆ ಯಾವ ಕಾಗದ ಕೇಳುತ್ತಾರೆ ಎಂದು ಅವರೇ ಹೇಳಿದರೆ ಮಾತ್ರ ಇಂಥವು ಬರೆಯಲು ಹೊಳೆಯುತ್ತವೆ. ಮೈಸೂರಿನ ಆಶೋದಯ ಸಮಿತಿಯಂಥ, ಲೈಂಗಿಕ ಕಾರ್ಯಕರ್ತರೇ ನಡೆಸುವ ಸಂಘಟನೆಗಳು ನಮ್ಮ ರಾಜ್ಯದಲ್ಲಿ ವರ್ಷಗಳಿಂದ ಇದನ್ನೇ ಹೇಳುತ್ತ ಬಂದಿವೆ. ಅವರ ಸಭೆಯಲ್ಲಿ ಕುಳಿತರೆ ಕತೆಗಿಂತ ಹೆಚ್ಚಾಗಿ ಬ್ಯಾಂಕ್ ಖಾತೆ, ಮಕ್ಕಳ ಶಾಲೆ ದಾಖಲಾತಿ, ಠಾಣೆಯ ಮಾತು ಕೇಳಬೇಕಾಗುತ್ತದೆ. ನಳಿನಿ ಪುಸ್ತಕದಲ್ಲಿ ಇರುವುದೂ ಅಂಥದೇ ಮಾತು. ಅದನ್ನು ಸಾಹಿತ್ಯವಲ್ಲ ಎಂದು ತಳ್ಳಿದವರು ಸಾಹಿತ್ಯ ಎಂದರೆ ಏನೆಂದುಕೊಂಡಿದ್ದಾರೋ ನನಗೆ ತಿಳಿಯದು.

ಕೊನೆಯದಾಗಿ ಒಂದು ಗಟ್ಟಿ ಆಕ್ಷೇಪ. ಮರುಕ ಬೇಡವೆಂದರೆ, ಎಳೆಯ ಹುಡುಗಿಯರನ್ನು ಕದ್ದು ಮಾರುವ ಜಾಲವನ್ನು ಒಪ್ಪಿದಂತಾಗುವುದಿಲ್ಲವೇ? ದೇವದಾಸಿ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ 1982ರಲ್ಲಿ ಕಾಯಿದೆ ತರಬೇಕಾಯಿತು. ಅಂಥ ಕ್ರೌರ್ಯದ ಎದುರು ಮರುಗದೆ ಇರಲು ಆಗುತ್ತದೆಯೇ? ಆಗುವುದಿಲ್ಲ. ಹುಡುಗಿಯನ್ನು ಕದ್ದವನ ಮೇಲೆ ಸಿಟ್ಟು ಬರಲೇಬೇಕು, ಆ ಸಿಟ್ಟು ಠಾಣೆಗೂ ಕೋರ್ಟಿಗೂ ಹೋಗಬೇಕು. ಆದರೆ ಮರುಕ ಸಿಟ್ಟಿನ ಜಾಗವನ್ನು ಕಬಳಿಸುತ್ತದೆ ಎಂಬುದೇ ನನ್ನ ದೂರು. ಉಮ್ರಾವ್ ಕತೆ ಓದಿ ಅತ್ತವರಲ್ಲಿ ಹೆಚ್ಚಿನವರು ಅಮೀರನ್‌ಳನ್ನು ಹೊತ್ತೊಯ್ದ ದಿಲಾವರ್ ಖಾನನನ್ನು ಮೊದಲ ಅಧ್ಯಾಯಗಳಲ್ಲೇ ಮರೆತುಬಿಡುತ್ತಾರೆ. ವಿಧಿ ಇದ್ದಾಗ ಅವನು ಯಾಕೆ ಬೇಕು? ಕಾದಂಬರಿ ಅವನನ್ನು ಮರೆತಿಲ್ಲ, ಉಮ್ರಾವಳಂತೂ ಮರೆತಿಲ್ಲ. ಎಷ್ಟೋ ವರ್ಷಗಳ ಮೇಲೆ, ಊರಾಚೆಗೆ ವಿಹಾರಕ್ಕೆ ಹೋದಲ್ಲಿ ಅವನು ಅವಳ ಕಣ್ಣಿಗೆ ಬೀಳುತ್ತಾನೆ. ಕಂಡ ಕೂಡಲೇ ಗುರುತು ಹಿಡಿಯುತ್ತಾಳೆ. ಸುಮ್ಮನಿರುವುದಿಲ್ಲ, ಹೇಳಬೇಕಾದವರಿಗೆ ಹೇಳುತ್ತಾಳೆ. ಅವನು ಸಿಕ್ಕಿಬೀಳುತ್ತಾನೆ, ಗಲ್ಲಿಗೇರುತ್ತಾನೆ.